ಬಂಡೆಯನ್ನು ಓದೋಣ ಬನ್ನಿ

ರಾಗಿ ಬೀಸುವ ಕಲ್ಲು. ಬಟ್ಟೆ ಒಗೆಯುವ ಕಲ್ಲು. ಮನೆಯ ಪಾಯದ ಕಲ್ಲು. ಕಲ್ಲಿಲ್ಲದೆ ನಮಗೆ ಬದುಕಿಲ್ಲ. ಈ ಕಲ್ಲು ಕ್ವಾರಿಯಿಂದ ಬಂತು. ಕ್ವಾರಿಗೆ ಎಲ್ಲಿಂದ ಬಂತು? ತಿಳಿಯೋಣ ಬನ್ನಿ.

ಬಂಡೆಯ ವಯಸ್ಸೆಷ್ಟು?

ಬೆಂಗಳೂರಿನ ಲಾಲ್‌ಬಾಗಿನಲ್ಲಿ ದೊಡ್ಡ ಬಂಡೆ ಇದೆ. ಅದಕ್ಕೆ ಸುಮಾರು 300 ಕೋಟಿ ವರ್ಷ! ಅದರ ಹೆಸರು ನೈಸ್ ಶಿಲೆ. ಮೈಮೇಲೆ ಕಪ್ಪು ಬಿಳಿ ಪಟ್ಟೆ ಇರುತ್ತವೆ. ಬೆಂಗಳೂರು, ಕೋಲಾರ, ತುಮಕೂರು ಕಡೆ ಇಂಥ ಬಂಡೆಗಳೇ ಹೆಚ್ಚು. ಇವು ನೆಲದ ಆಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿ, ನಿಧಾನವಾಗಿ ಆರಿ ಗಟ್ಟಿಯಾದವು. ಮೇಲಿದ್ದುದೆಲ್ಲ ಮಳೆ ಗಾಳಿಗೆ ಸವೆಯಿತು. ಒಳಗಿನ ಬಂಡೆ ಹೊರಗೆ ಬಂತು.

ಕಲ್ಲಿನೊಳಗೆ ಏನಿದೆ?

ಒಂದು ಜಲ್ಲಿ ತೊಳೆದು ನೋಡಿ. ಮೂರು ಬಗೆಯ ಕಾಳು ಕಾಣುತ್ತವೆ. ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿನುಗುವುದು ಕಾಗೆಬಂಗಾರ. ಗಾಜಿನ ಚೂರಿನ ಹಾಗಿರುವುದು ಬೆಣಚುಕಲ್ಲು. ಮೂರರಲ್ಲಿ ಬೆಣಚುಕಲ್ಲೇ ಬಲು ಗಟ್ಟಿ. ಚಾಕುವಿನಿಂದ ಗೀರಿದರೂ ಗೀರು ಬೀಳದು.

ಬಂಡೆಗೂ ಪದರ ಉಂಟು

ಈರುಳ್ಳಿಯಂತೆ ಬಂಡೆಗೂ ಪದರಗಳಿವೆ. ಮೇಲಿನ ಭಾರ ಇಳಿದಾಗ ಬಂಡೆ ಹಿಗ್ಗಿ ಹೀಗೆ ಬಿರಿಯುತ್ತದೆ. ಇದನ್ನು ನಮ್ಮ ಹಿರಿಯರು ಬಲ್ಲರು. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದರು.

ನೆಟ್ಟಗಿನ ಬಿರುಕು, ಓರೆ ಬಿರುಕುಗಳೂ ಇರುತ್ತವೆ. ಬಿರುಕು ಗುಂಡಿಯ ಕಡೆಗೆ ಇಳಿಜಾರಾಗಿದ್ದರೆ ಎಚ್ಚರ! ಮಳೆನೀರು ಒಳಗಿಳಿದರೆ ಬಂಡೆ ಜಾರಬಹುದು. ಅಂಥ ಗೋಡೆಯ ಕೆಳಗೆ ಕೂರಬಾರದು. ಮಗುವನ್ನು ಮಲಗಿಸಬಾರದು.

ಕಾಣದ ಧೂಳು

ಕಲ್ಲು ಒಡೆದಾಗ ಬೆಣಚುಕಲ್ಲೂ ಪುಡಿಯಾಗುತ್ತದೆ. ಅದರ ನುಣ್ಣನೆಯ ಧೂಳು ಕಣ್ಣಿಗೆ ಕಾಣದು. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂರುತ್ತದೆ. ವರ್ಷಗಳು ಕಳೆದ ಮೇಲೆ ಕೆಮ್ಮು, ಏದುಸಿರು. ಈ ರೋಗವೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಮದ್ದಿಲ್ಲ. ಇದು ಇದ್ದವರಿಗೆ ಕ್ಷಯವೂ ಬೇಗ ಬರುತ್ತದೆ.

"ಸೆರಗು ಮುಚ್ಚಿಕೊಂಡರೆ ಸಾಲದೇನಕ್ಕಾ?" ಎನ್ನುತ್ತೇವೆ. ಸಾಲದು. ನೂಲಿನ ಸಂದಿಯಲ್ಲಿ ಈ ಧೂಳು ನುಸುಳುತ್ತದೆ.

ಹಾಗಾದರೆ ಏನು ಮಾಡೋಣ?

ಕಲ್ಲಿಗೆ ನೀರು ಹಾಕಿ ಒಡೆಯೋಣ. ಗಾಳಿ ಧೂಳನ್ನು ಮುಖದಿಂದ ಆಚೆ ಒಯ್ಯುವಂತೆ ಕೂರೋಣ. ನೀರು, ಧೂಳು ತಡೆಯುವ ಮುಖಗವಸು ಕೊಡಿ ಎಂದು ಮಾಲೀಕರನ್ನು ಎಲ್ಲರೂ ಸೇರಿ ಕೇಳೋಣ. ಕೆಮ್ಮು ಬಂದರೆ ಡಾಕ್ಟರಿಗೆ "ನಾನು ಕಲ್ಲು ಒಡೆಯುವವಳು" ಎಂದು ಮೊದಲೇ ಹೇಳೋಣ. ಇಲ್ಲದಿದ್ದರೆ ಇದನ್ನು ಬರೀ ಕ್ಷಯ ಅಂದುಕೊಂಡಾರು. ಕೆಲಸದಿಂದ ಬಂದ ಈ ರೋಗಕ್ಕೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ.

ಬಂಡೆ 300 ಕೋಟಿ ವರ್ಷ ಬಾಳಿದೆ. ಅದನ್ನು ಒಡೆಯುವ ನಾವೂ ಗಟ್ಟಿಯಾಗಿ ಬಾಳಬೇಡವೇ?