ಬರುವ ಕೂಸಿಗಾಗಿ ನಾಲ್ಕು ವಾರ



ಡಿಸೆಂಬರ್ ಬಂದರೆ ಮಾನ್ವಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕೆಲಸ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ಕೊಯ್ಲು. ಆಗಲೇ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ತಯಾರಿ. ಗೋಡೆಗೆ ಸುಣ್ಣ ಬಳಿಯುತ್ತಾರೆ. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುತ್ತಾರೆ. ನಕ್ಷತ್ರ ಯಾಕ ಕಟ್ಟತಾರ? ಬನ್ನಿ, ತಿಳಿಯೋಣ.

ಕಾಯುವ ಕಾಲ

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಆಗಮನ ಕಾಲ ಎಂದು ಹೆಸರು. ಆಗಮನ ಎಂದರೆ ಬರುವುದು. ಯೇಸುವಿನ ಬರವನ್ನು ಕಾಯುವ ದಿನಗಳು ಇವು. ಭಾನುವಾರಕ್ಕೆ ಒಂದರಂತೆ ಮೇಣದ ಬತ್ತಿ ಹಚ್ಚುತ್ತಾರೆ.

1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಚರ್ನ್ ಎಂಬ ಪಾದ್ರಿ ಬಡ ಮಕ್ಕಳನ್ನು ಸಾಕುತ್ತಿದ್ದರು. ಹಬ್ಬಕ್ಕೆ ಎಷ್ಟು ದಿನ ಉಳಿಯಿತು ಎಂದು ಮಕ್ಕಳು ಎಣಿಸಲಿ ಎಂದು ಗಾಲಿಯ ಮೇಲೆ ಬತ್ತಿಗಳನ್ನು ಇಟ್ಟರು. ದಿನಕ್ಕೊಂದು ಹಚ್ಚಿದರು. ಮುಂದೆ ನಾಲ್ಕು ಬತ್ತಿಗಳ ರೂಢಿ ಬಂತು.

ಮರಿಯಳ ಕಥೆ

ಮರಿಯಳು ತುಂಬಿದ ಬಸುರಿ. ಆಗ ದೊರೆ ಜನಗಣತಿಗೆ ಅಪ್ಪಣೆ ಮಾಡಿದ. ಗಂಡ ಯೋಸೇಫನ ಜೊತೆ ನಜರೇತು ಬಿಟ್ಟು ಬೇತ್ಲೆಹೇಮಿಗೆ ಹೊರಟಳು. ಛತ್ರದಲ್ಲಿ ಜಾಗ ಸಿಗಲಿಲ್ಲ. ಹೆತ್ತ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ದನಕ್ಕೆ ಮೇವು ಹಾಕತೀವಲ್ಲ, ಅದೇ ಗೋದಲಿ.

ಸುದ್ದಿ ಮೊದಲು ಮುಟ್ಟಿದ್ದು ಅರಮನೆಗೆ ಅಲ್ಲ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ. ಮೂಡಣ ದೇಶದ ಜ್ಞಾನಿಗಳಿಗೆ ಒಂದು ನಕ್ಷತ್ರ ದಾರಿ ತೋರಿತು. ಮನೆಮುಂದಿನ ನಕ್ಷತ್ರ ಅದರ ನೆನಪು.

ಈ ಕಥೆ ನಮಗೆ ದೂರದ್ದಲ್ಲ. ನಮ್ಮ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರಲ್ಲಿ ಬಸುರಿಯರೂ ಇರುತ್ತಾರೆ. ಪರಊರಲ್ಲಿ ನೋವು ಬಂದರ ಏನು ಮಾಡಬೇಕು? ತಾಯಿ ಕಾರ್ಡು ಜೊತೆಗಿರಲಿ. 108ಕ್ಕೆ ಫೋನ್ ಮಾಡಿ. ನಮ್ಮ ಓಣಿಗೆ ಅಂಥ ತಾಯಿ ಬಂದರೆ ಜಾಗ ಇಲ್ಲ ಅನ್ನಬಾರದು.

ನಮ್ಮ ನಾಡಿಗೆ ಬಂದದ್ದು

ಯೇಸು ಹುಟ್ಟಿದ ತಾರೀಖು ಬೈಬಲಿನಲ್ಲಿ ಇಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಡಿಸೆಂಬರ್ 25ರಂದು ಹಬ್ಬ ಮಾಡುತ್ತಿದ್ದರು.

ನಮ್ಮ ಜಿಲ್ಲೆಯ ಮುದಗಲ್ಲಿನ ಕ್ಯಾಥೊಲಿಕ್ ಸಭೆ ಬಹಳ ಹಳೆಯದು. ಅದು ಬಿಜಾಪುರದ ಆದಿಲ್‌ಶಾಹಿ ಕಾಲದ್ದು. ರಾಯಚೂರಿನಲ್ಲಿ ಮೆಥೊಡಿಸ್ಟ್ ಸಭೆಯವರೂ ಇದ್ದಾರೆ.

1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬುವರು ಬಳ್ಳಾರಿಗೆ ಬಂದರು. ಕನ್ನಡ ಕಲಿತರು. ಊರವರ ನೆರವು ಪಡೆದು ಬೈಬಲನ್ನು ಕನ್ನಡಕ್ಕೆ ತಂದರು. 1831ರಲ್ಲಿ ಆ ಕೆಲಸ ಪೂರ್ತಿಯಾಯಿತು. ಇಪ್ಪತ್ತು ವರ್ಷ ಹಿಡಿಯಿತು ನೋಡ್ರಿ!

ಪುಸ್ತಕ ಬಂದರೂ ಬಹಳ ಹೆಣ್ಣುಮಕ್ಕಳಿಗೆ ಓದು ಬರುತ್ತಿರಲಿಲ್ಲ. ಬೇರೆಯವರು ಓದಿದ್ದನ್ನು ಕೇಳಬೇಕಿತ್ತು. ಈಗ ನಮಗೆ ಓದು ಬರುತ್ತದೆ. ಮರಿಯಳ ಕಥೆ ಲೂಕನ ಪುಸ್ತಕದ ಎರಡನೆಯ ಅಧ್ಯಾಯದಲ್ಲಿದೆ. ಯಾವ ಧರ್ಮದವರೂ ಓದಬಹುದು. ನೆರೆಮನೆಯವರ ಹಬ್ಬ ತಿಳಿದರೆ ನೆರೆಮನೆ ಹತ್ತಿರವಾಗುತ್ತದೆ.