ಟಿಡಿಎಸ್ ಮೀಟರ್‌ಗೆ ಕಾಣದ ಪ್ಲಾಸ್ಟಿಕ್: ಬೇತಮಂಗಲದ ನೀರಿಗೆ ಯಾವ ಟೆಸ್ಟ್ ಬೇಕು?

ಪಾಲಾರ್ ನದಿಯ ಬೇತಮಂಗಲ ಕೆರೆ ಕೆಜಿಎಫ್‌ನ ಗಣಿ ಕಾಲೊನಿಗಳಿಗೆ ನೀರು ಕೊಟ್ಟ ಕೆರೆ. ಇವತ್ತು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಕುಡಿಯುವ ನೀರು ಅಂದ್ರೆ ಕೊಳವೆಬಾವಿ, ಶುದ್ಧ ನೀರಿನ ಘಟಕ, 20 ಲೀಟರ್ ಕ್ಯಾನ್. ಇಲ್ಲಿನ ನೀರಲ್ಲಿ ಫ್ಲೋರೈಡ್ ಇದೆ ಅಂತ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್‌ನಿಂದ ಇಳಿಯುವ ರಾಸಾಯನಿಕಗಳ ಬಗ್ಗೆ ಮಾತ್ರ ಯಾರೂ ಕೇಳುತ್ತಿಲ್ಲ.

ಮುಖ್ಯವಾದವು ಎರಡು. ಪಿವಿಸಿಯನ್ನು ಮೆದುಗೊಳಿಸಲು ಬೆರೆಸುವ ಥ್ಯಾಲೇಟ್; ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕ್ಯಾನ್‌ಗಳಲ್ಲಿರುವ ಬಿಸ್ಫಿನಾಲ್ ಎ. ಬಿಸಿ ಹೆಚ್ಚಾದಷ್ಟೂ ನೀರಿಗೆ ಹೆಚ್ಚು ಇಳಿಯುತ್ತವೆ. ಎರಡೂ ದೇಹದ ಹಾರ್ಮೋನುಗಳ ಕೆಲಸ ಕೆಡಿಸಬಲ್ಲವು.

ಟಿಡಿಎಸ್ ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು, ಅಂದರೆ ಕರಗಿದ ಲವಣಗಳನ್ನು. ಥ್ಯಾಲೇಟ್‌ಗೆ ವಿದ್ಯುದಾವೇಶವೇ ಇಲ್ಲ. ಹಾಗಾಗಿ ಟಿಡಿಎಸ್ 50 ಬಂದರೂ ಈ ವಿಷಯದಲ್ಲಿ ಏನೂ ಸಾಬೀತಾಗಲ್ಲ. ಪಂಚಾಯ್ತಿಯ ಟೆಸ್ಟ್ ಕಿಟ್‌ನದ್ದೂ ಅದೇ ಕಥೆ.

ಕಾನೂನಿನ ಕಡೆ ನೋಡಿ. ಡಿಇಎಚ್‌ಪಿ ಎಂಬ ಥ್ಯಾಲೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 8 ಮೈಕ್ರೋಗ್ರಾಂ. ಯುರೋಪ್ 2020ರ ನಿರ್ದೇಶನದಲ್ಲಿ ಬಿಸ್ಫಿನಾಲ್ ಎಗೆ 2.5 ಮೈಕ್ರೋಗ್ರಾಂ ಮಿತಿ ಹಾಕಿತು. ನಮ್ಮ ಐಎಸ್ 10500:2012 ಮಾನದಂಡದಲ್ಲಿ ಎರಡಕ್ಕೂ ಪ್ರತ್ಯೇಕ ಮಿತಿಯಿಲ್ಲ. ಪಟ್ಟಿಯಲ್ಲೇ ಇಲ್ಲದ್ದನ್ನು ಲ್ಯಾಬ್ ಹುಡುಕಲ್ಲ. ವರದಿ ‘ಯೋಗ್ಯ’ ಅಂತಲೇ ಬರುತ್ತೆ.

ಕೋಲಾರಕ್ಕೆ ಇನ್ನೊಂದು ಕಾರಣವೂ ಇದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಉದ್ದೇಶ ಅಂತರ್ಜಲ ಹೆಚ್ಚಿಸುವುದು. ಆದರೆ ಆ ಸಂಸ್ಕರಣೆ ಇಂಥ ರಾಸಾಯನಿಕಗಳನ್ನು ತೆಗೆಯಲೆಂದೇ ರೂಪಿಸಿದ್ದಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ.

ಹಾಗಾದರೆ ಟೆಸ್ಟ್ ಹೇಗೆ? ಕೊಳವೆಬಾವಿ, ಘಟಕದ ನಲ್ಲಿ, ಮನೆಯಲ್ಲಿಟ್ಟ ಕ್ಯಾನ್: ಮೂರೂ ಕಡೆಯ ಮಾದರಿ ಬೇಕು. ಕೊಳವೆಬಾವಿಯಲ್ಲೇ ಸಿಕ್ಕರೆ ಅದು ಅಂತರ್ಜಲದ ಸಮಸ್ಯೆ. ಕ್ಯಾನ್‌ನಲ್ಲಿ ಮಾತ್ರ ಸಿಕ್ಕರೆ ಕ್ಯಾನ್‌ನದ್ದು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದರೆ ಆ ಬಾಟಲಿಯ ರಾಸಾಯನಿಕವೇ ಲೆಕ್ಕಕ್ಕೆ ಬರುತ್ತೆ. ಲ್ಯಾಬ್ ಕೊಡುವ ಗಾಜಿನ ಬಾಟಲಿಯೇ ಆಗಬೇಕು. ಜೊತೆಗೆ ಲ್ಯಾಬ್‌ನದ್ದೇ ಶುದ್ಧ ನೀರು ತುಂಬಿದ ಒಂದು ಬಾಟಲಿಯೂ ಹೋಗಿಬರಬೇಕು. ದಾರಿಯಲ್ಲಿ ಏನಾದ್ರೂ ಸೇರಿದ್ದರೆ ಅದರಲ್ಲಿ ಗೊತ್ತಾಗುತ್ತೆ.

ಈ ಪರೀಕ್ಷೆ ದುಬಾರಿ. ಒಂದೊಂದು ಮನೆಯವರು ದುಡ್ಡು ಕೊಟ್ಟು ಮಾಡಿಸುವ ಕೆಲಸ ಇದಲ್ಲ, ಸರ್ಕಾರದ್ದು. ಮುಂದಿನ ಗ್ರಾಮಸಭೆಯಲ್ಲಿ ‘ನೀರು ಚೆನ್ನಾಗಿದೆಯಾ?’ ಅಂತ ಕೇಳಬೇಡಿ. ‘ಯಾವ್ಯಾವುದನ್ನು ಟೆಸ್ಟ್ ಮಾಡಿದ್ದೀರಿ, ಪಟ್ಟಿ ಕೊಡಿ’ ಅಂತ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ.