ಕೂಸು ಅತ್ತಿತು, ತಾಯಿಯ ಕಡೆ ನೋಡಿದಿರಾ?

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ರಬಕವಿಯಾಗಲಿ, ಬನಹಟ್ಟಿಯಾಗಲಿ, ಜಮಖಂಡಿ, ಮುಧೋಳ, ಬೀಳಗಿಯಾಗಲಿ, ಏಳನೆಯ ತಿಂಗಳು ಬಂತೆಂದರೆ ತಾಯಿಯಾದವಳಿಗೆ ಕೈತುಂಬ ಕೆಲಸ. ಮೆತ್ತನೆಯ ಹಳೆಯ ಸೀರೆಗಳನ್ನು ಒಗೆದು ಮಡಿಚಿಡಬೇಕು, ಕುಲಾಯಿ ಹೊಲಿಯಬೇಕು, ಅಂಟು, ಕೊಬ್ಬರಿ, ಅಳವಿ ತರಿಸಬೇಕು, ಅಟ್ಟದ ಮೇಲಿನ ತೊಟ್ಟಿಲು ಇಳಿಸಬೇಕು. ಒಂದೂ ಮರೆಯುವುದಿಲ್ಲ ನೀವು.

ಆದರೆ ಸೋದರಿಯರೇ, ಹೆರಿಗೆ ಆದ ಗಳಿಗೆಯಲ್ಲಿ ನಾವೆಲ್ಲ ಏನು ಮಾಡುತ್ತೇವೆ? ಕೂಸು ಅತ್ತ ಕೂಡಲೇ ಎಲ್ಲರ ಕಣ್ಣು ಅದರ ಮೇಲೆ. ಗಂಡೋ ಹೆಣ್ಣೋ, ಬಣ್ಣ ಯಾರದು, ಮೂಗು ಯಾರದು ಎಂಬ ಸಡಗರ. “ಕೂಸು ಆತು, ಇನ್ನೇನು ಚಿಂತಿಲ್ಲ ಬಿಡ್ರಿ” ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ನಿಜವಾಗಿ ನೋಡಿದರೆ ತಾಯಿಯ ಪಾಲಿಗೆ ಚಿಂತೆಯ ವೇಳೆ ಆಗಲೇ ಶುರುವಾಗುತ್ತದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವವೇ ನಮ್ಮ ದೇಶದಲ್ಲಿ ಬಾಣಂತಿಯರ ಜೀವಕ್ಕೆ ಎರವಾಗುವ ದೊಡ್ಡ ಕಾರಣಗಳಲ್ಲೊಂದು.

ಅದು ಹೇಗೆಂದು ತಿಳಿದುಕೊಳ್ಳುವುದು ಕಷ್ಟವಲ್ಲ. ಕೂಸು ಹೊರಬಂದ ಮೇಲೆ ಮಾಸು, ಅಂದರೆ ಕಸ, ಗರ್ಭಕೋಶದಿಂದ ಬಿಡಿಸಿಕೊಂಡು ಬೀಳುತ್ತದೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತವೆ. ಗರ್ಭಕೋಶ ಮುಷ್ಟಿ ಬಿಗಿದ ಹಾಗೆ ಗಟ್ಟಿಯಾಗಿ ಮುದುಡಿಕೊಂಡರೆ ಆ ಬಾಯಿಗಳು ಮುಚ್ಚುತ್ತವೆ. ಮುದುಡದೆ ಸಡಿಲವಾಗಿ ಉಳಿದರೆ ನಲ್ಲಿ ಬಿಟ್ಟಂತೆ ರಕ್ತ ಹೋಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಕೆಲವೇ ತಾಸುಗಳಲ್ಲಿ ಜೀವಕ್ಕೆ ಕುತ್ತು. ಯಾರಿಗೆ ಹೀಗಾಗುತ್ತದೆಂದು ಮೊದಲೇ ಹೇಳಲೂ ಬರುವುದಿಲ್ಲ. ಒಂಬತ್ತು ತಿಂಗಳು ಗಟ್ಟಿಮುಟ್ಟಾಗಿದ್ದವಳಿಗೂ ಆಗಬಹುದು.

ಕಾಲೇಜು ಹಳ್ಳಿಗೆ ಬಂತು

ಈ ಗಂಡಾಂತರಕ್ಕೆ ಒಂದು ಉತ್ತರ ಸಿಕ್ಕಿದ್ದು ನಮ್ಮ ನೆರೆಯಲ್ಲೇ ಎಂಬುದು ನಿಮಗೆ ಗೊತ್ತೆ? ನಮ್ಮ ತಾಲೂಕಿನ ಗಡಿ ದಾಟಿದರೆ ಬೆಳಗಾವಿ ಜಿಲ್ಲೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಆರಂಭಿಸಿದ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿದೆ. ಮೆಡಿಕಲ್ ಕಾಲೇಜೆಂದರೆ ದೊಡ್ಡ ಕಟ್ಟಡ, ಬಿಳಿ ಕೋಟು, ಉದ್ದನೆಯ ಪಾಳಿ ಎಂದಷ್ಟೇ ನಾವು ತಿಳಿದಿರುತ್ತೇವೆ. ಈ ಕಾಲೇಜಿನ ವೈದ್ಯರು ಹಳ್ಳಿಗಳಿಗೆ ಇಳಿದರು.

ಆಗಿನ ಪರಿಸ್ಥಿತಿ ನೆನಪು ಮಾಡಿಕೊಳ್ಳಿ. ಅನೇಕ ಹೆರಿಗೆಗಳು ಮನೆಯಲ್ಲೇ, ಇಲ್ಲವೆ ಊರ ಉಪಕೇಂದ್ರದಲ್ಲಿ ಆಗುತ್ತಿದ್ದವು. ಬಳಿಯಲ್ಲಿ ಇರುತ್ತಿದ್ದವಳು ಎ.ಎನ್.ಎಂ. ಎಂದು ಕರೆಯುವ ನರ್ಸಬಾಯಿ ಒಬ್ಬಳೇ. ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿ ಕಾಪಾಡಬೇಕು, ಚುಚ್ಚಲು ತರಬೇತಿಯೂ ಬೇಕು. ಕರೆಂಟಿಲ್ಲದ ಹಳ್ಳಿಯಲ್ಲಿ, ನಡುರಾತ್ರಿಯಲ್ಲಿ ಅದಕ್ಕೆಲ್ಲಿ ಹೋಗಬೇಕು? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ತಂಪಿನ ಪೆಟ್ಟಿಗೆ ಬೇಡ, ಸೂಜಿ ಬೇಡ, ಬಾಯಿಗೆ ಹಾಕಿ ನುಂಗಿದರಾಯಿತು. ನರ್ಸಬಾಯಿಯ ಕೈಯಲ್ಲೇ ಅದನ್ನು ಕೊಟ್ಟರೆ ಉಪಯೋಗವಾದೀತೆ? ಇದು ವೈದ್ಯರ ಪ್ರಶ್ನೆ.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳಲ್ಲಿ ಇದರ ಪರೀಕ್ಷೆ ನಡೆಯಿತು. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ಹೋದ ರಕ್ತವನ್ನು ಅಳೆದವರು 25 ಮಂದಿ ನರ್ಸಬಾಯಿಯರು. ಅರ್ಧದಷ್ಟು ಮಂದಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು. ಕಾಲೇಜಿನ ಡಾ. ಶಿವಪ್ರಸಾದ ಗೌಡರ, ಡಾ. ಬಿ. ಎಸ್. ಕೊಡ್ಕಣಿ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮೊದಲಾದವರು ಕೂಡಿ ಮಾಡಿದ ಈ ಕೆಲಸ 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಫಲಿತಾಂಶ ಕೇಳಿ. ಹುಸಿ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೋಗಿತ್ತು. ನಿಜ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 6.4 ಮಾತ್ರ. ಒಂದು ಲೀಟರಿನಷ್ಟು ಹೋಗುವ ಭಾರೀ ಸ್ರಾವವಂತೂ ಸಾವಿರಕ್ಕೆ 12ರಿಂದ 2ಕ್ಕೆ ಇಳಿಯಿತು. ತೊಂದರೆ ಏನಾದರೂ ಇತ್ತೇ ಎಂದರೆ, ಕೆಲವರಿಗೆ ಸ್ವಲ್ಪ ಹೊತ್ತು ನಡುಕ, ಜ್ವರ. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ನೆರೆಯ ಹಳ್ಳಿಗಳ ಬಾಣಂತಿಯರೂ ನರ್ಸಬಾಯಿಯರೂ ಲೋಕಕ್ಕೆ ಕೊಟ್ಟ ಸಾಕ್ಷಿ ಅದರ ಹಿಂದಿದೆ.

ಇಲ್ಲೊಂದು ಎಚ್ಚರಿಕೆ. ಆಸ್ಪತ್ರೆಯಲ್ಲಿ ಇಂದಿಗೂ ಮೊದಲ ಆಯ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ನೇ. ಗುಳಿಗೆಯ ಹೆಸರು ಓದಿದಿರೆಂದು ಅಂಗಡಿಯಿಂದ ತಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೂಸು ಹುಟ್ಟುವ ಮೊದಲು ಅದನ್ನು ನುಂಗಿದರೆ ತಾಯಿ, ಕೂಸು ಇಬ್ಬರಿಗೂ ಅಪಾಯ.

ಕಣ್ಣಂದಾಜಿನ ಮೋಸ

ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಯಾರಾದರೂ ಸೀರೆಯನ್ನು ಕಣ್ಣಂದಾಜಿನಲ್ಲಿ ಅಳೆದು ಮಾರುತ್ತಾರೆಯೇ? ಒಂದು ಗೇಣು ಕಡಿಮೆಯಾದರೂ ಗಿರಾಕಿ ಬಿಡುವುದಿಲ್ಲ. ನೂಲಿಗೆ ತೂಕವಿದೆ, ಬಟ್ಟೆಗೆ ಅಳತೆಯಿದೆ. ಬಾಣಂತಿಯ ರಕ್ತಕ್ಕೆ ಮಾತ್ರ “ಸ್ವಲ್ಪ ಹೋಗೈತಿ, ಏನಾಗೂದಿಲ್ಲ” ಎಂಬ ಅಂದಾಜು!

ಬೆಳಗಾವಿಯ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಇದಕ್ಕೂ ಒಂದು ಸರಳ ಉಪಾಯ ಮಾಡಿದರು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ರಕ್ತ ಬಟ್ಟೆಯಲ್ಲಿ ಇಂಗಿ ಕಾಣದಂತೆ ಹೋಗುವ ಬದಲು ಚೀಲದಲ್ಲಿ ಕೂಡಿ, ಎಷ್ಟು ಹೋಯಿತೆಂದು ಗೆರೆಯೇ ಹೇಳುತ್ತದೆ. ಕಣ್ಣಿನ ಅಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿದಾಗ, ಅಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಬಂದಿತ್ತು. ನೆನಪಿಡಿ, ಹಾಗೆ ಅಂದಾಜು ಮಾಡಿದವರು ನಮ್ಮಂಥವರಲ್ಲ, ಆಸ್ಪತ್ರೆಯಲ್ಲಿ ಪಳಗಿದವರು!

ಇಂಥದೇ ಅಳತೆಯ ಹಾಳೆಯನ್ನು ಹಾಸಿ, ಗೆರೆ ದಾಟಿದ ತಕ್ಷಣ ಚಿಕಿತ್ಸೆಯ ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೆ ಆರಂಭಿಸುವ ಪದ್ಧತಿಯನ್ನು ಆಫ್ರಿಕಾದ ಕೀನ್ಯಾ, ನೈಜೀರಿಯಾ, ಟಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದರು. 2023ರಲ್ಲಿ ಬಂದ ಅದರ ವರದಿಯಂತೆ ಭಾರೀ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು.

ನಮ್ಮ ಮಾತುಗಳನ್ನೂ ತಿದ್ದಿಕೊಳ್ಳೋಣ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದು ಸಣ್ಣ ಮಾತಲ್ಲ. 2001-03ರಲ್ಲಿ ರಾಜ್ಯದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಆದರೆ ಆ 69 ಮಂದಿಯೂ ಯಾರದೋ ಮನೆಯ ಮಕ್ಕಳೇ ಅಲ್ಲವೆ?

ಆಸ್ಪತ್ರೆಯಲ್ಲಿಯೂ ಬಾಣಂತಿಯ ಮಗ್ಗುಲಲ್ಲಿ ಕುಳಿತವರು ನಾವೇ. ಡಾಕ್ಟರು, ನರ್ಸು ಮತ್ತೊಂದು ಹೆರಿಗೆಗೆ ಹೋದಾಗ ಮೊದಲು ಕಾಣುವುದು ನಮ್ಮ ಕಣ್ಣಿಗೆ. ಆಗ ಅಡ್ಡ ಬರುವುದು ನಮ್ಮವೇ ಕೆಲವು ಮಾತುಗಳು. “ಹೊಲಸು ರಕ್ತ ಹೋಗಲಿ ಬಿಡ್ರಿ, ಹೊಟ್ಟಿ ಹಗರ ಆಗತೈತಿ” ಎನ್ನುತ್ತಾರೆ. ಸ್ವಲ್ಪ ಸ್ರಾವ ಸಹಜ, ನಿಜ. ಆದರೆ ಹರಿದುಹೋಗುವುದು ಹೊಲಸು ರಕ್ತವಲ್ಲ, ಮೈಯೊಳಗಿನ ಜೀವದ ರಕ್ತವೇ. “ದಣದು ಮಲಗ್ಯಾಳ, ಎಬ್ಬಿಸಬ್ಯಾಡ್ರಿ” ಎನ್ನುವುದು ಇನ್ನೊಂದು. ದಣಿದ ನಿದ್ದೆಯೋ, ರಕ್ತ ಹೋಗಿ ಬಂದ ಮಂಪರೋ ನೋಡಬೇಕಲ್ಲ! ಮಾತನಾಡಿಸಿ. ಹಣೆ ಮುಟ್ಟಿ, ತಣ್ಣನೆಯ ಬೆವರಿದೆಯೇ? ಕಣ್ಣು ಕತ್ತಲೆ, ಎದೆ ಡವಡವ ಎನ್ನುತ್ತಾಳೆಯೇ? ಹೊದಿಕೆ ಸರಿಸಿ ಬಟ್ಟೆ ನೋಡಿ. ನಾಚಿಕೆಗೆ ಇದು ವೇಳೆಯಲ್ಲ. “ಸಿಸ್ಟರ್ ಬೈದಾರು” ಎಂದು ಹೆದರಲೂ ಬೇಡಿ. ನಾಲ್ಕು ಸಲ ಕರೆದರೂ ತಪ್ಪಿಲ್ಲ.

ಹೆರಿಗೆಯಾದ ತಾಸಿನೊಳಗೆ ಕೂಸಿಗೆ ಮೊಲೆ ಕೊಡಿಸಿ. ಕೂಸು ಚೀಪಿದಂತೆ ತಾಯಿಯ ಗರ್ಭಕೋಶ ತಾನಾಗಿ ಮುದುಡುತ್ತದೆ. ಮೂತ್ರ ತುಂಬಿದ ಚೀಲ ಗರ್ಭಕೋಶ ಮುದುಡಲು ಬಿಡುವುದಿಲ್ಲ. ಆದ್ದರಿಂದ ಮೂತ್ರಕ್ಕೆ ಹೋಗಲು ನೆನಪಿಸಿ. ಸಹಜ ಹೆರಿಗೆಯಾದರೂ 48 ತಾಸು ಆಸ್ಪತ್ರೆಯಲ್ಲಿರಿ. “ಮನ್ಯಾಗ ಕೆಲಸ ಐತಿ” ಎಂದು ಅವಸರ ಮಾಡಬೇಡಿ.

ಒಂಬತ್ತು ತಿಂಗಳ ಸಿದ್ಧತೆ

ಇಬ್ಬರಿಗೆ ಒಂದೇ ಸಮ ರಕ್ತ ಹೋದರೂ ಒಬ್ಬಳು ತಡೆದುಕೊಳ್ಳುತ್ತಾಳೆ, ಇನ್ನೊಬ್ಬಳು ಕುಸಿಯುತ್ತಾಳೆ. ಕಾರಣ ರಕ್ತಹೀನತೆ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿ ರಕ್ತಹೀನರೆಂದು ಕಂಡಿತು. ಇಡೀ ದಿನ ಕಂಡಿಕೆ ಸುತ್ತುತ್ತ, ಕಬ್ಬಿನ ಹೊಲದಲ್ಲಿ ದುಡಿಯುತ್ತ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವವಳಿಗೆ ರಕ್ತ ಎಲ್ಲಿಂದ ಬರಬೇಕು?

ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ತಾಯಿ ಕಾರ್ಡಿನಲ್ಲಿ ಆ ಅಂಕಿ ಬರೆದಿರುತ್ತದೆ; ತೆಗೆದು ನೋಡಿ, ತಿಳಿಯದಿದ್ದರೆ ಕೇಳಿ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣಾಂಶದ ಗುಳಿಗೆ, ಹೆರಿಗೆಯ ನಂತರವೂ ಆರು ತಿಂಗಳು. ಗುಳಿಗೆಯಿಂದ ಮಲ ಕಪ್ಪಾದರೆ ಗಾಬರಿಯಾಗಬೇಡಿ. ಚಹಾದೊಡನೆ ನುಂಗಬೇಡಿ, ಊಟದ ಹಿಂದೆ ಮುಂದೆ ಒಂದು ತಾಸು ಚಹಾ ದೂರವಿರಲಿ. ಸುಣ್ಣದಂಶದ ಗುಳಿಗೆಯನ್ನು ಬೇರೆ ಹೊತ್ತಿಗೆ ಕೊಡಿ. ರಾಜಗಿರಿ, ಮೆಂತೆ, ನುಗ್ಗೆ ಸೊಪ್ಪಿನ ಪಲ್ಯ, ಸಜ್ಜೆಯ ರೊಟ್ಟಿ, ಮೊಳಕೆ ಬಂದ ಮಡಿಕೆ ಕಾಳು, ಇವು ನಮ್ಮ ಅಡುಗೆಮನೆಯವೇ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಬಾಗಿಲಿಗೆ ಬರುವ ಬಿಳಿ ಕೋಟು

ನಮ್ಮದೇ ಜಿಲ್ಲೆಯ ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಿಂದ ನಡೆಯುತ್ತಿದೆ. 2021-22ರ ತಂಡದಿಂದ ದೇಶದ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಂಡು, ಓದು ಮುಗಿಯುವವರೆಗೆ ಅವರ ಆರೋಗ್ಯ ವಿಚಾರಿಸಬೇಕೆಂಬ ನಿಯಮ ಬಂದಿದೆ. ಹಳ್ಳಿಯಲ್ಲಿರುವ ನಿಮ್ಮ ಅಕ್ಕನ ಮನೆಗೋ ತಂಗಿಯ ಮನೆಗೋ ಹಾಗೆ ಎಳೆಯ ಹುಡುಗಿ ಪುಸ್ತಕ ಹಿಡಿದು ಬಂದರೆ “ಇಕೀಗೇನ ತಿಳಿತೈತಿ” ಎಂದು ಸಾಗಹಾಕದಿರಲು ಹೇಳಿ. ಕೂಡ್ರಿಸಿ, ನೀರು ಕೊಟ್ಟು, ಸೊಸೆಯನ್ನು ಕರೆದು ಮಾತನಾಡಿಸಲಿ. ಹಿಂದಿನ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಿದ್ದರೆ ಮುಚ್ಚಿಡದೆ ಹೇಳಲಿ. ಬೆಳಗಾವಿಯ ವೈದ್ಯರಿಗೆ ಉತ್ತರ ಸಿಕ್ಕಿದ್ದೂ ಹಳ್ಳಿಯ ಹೆಣ್ಣುಮಕ್ಕಳು ಬಾಗಿಲು ತೆರೆದದ್ದರಿಂದಲೇ.

ಬಾಣಂತಿಗೆ ಅಳವಿ ಪಾಯಸ

ಎರಡು ದೊಡ್ಡ ಚಮಚ ಅಳವಿಯನ್ನು ಆರಿಸಿ, ಒಂದು ಬಟ್ಟಲು ನೀರಿನಲ್ಲಿ ಎರಡು ತಾಸು ನೆನೆಯಿಡಿ. ಉಬ್ಬಿ ಲೋಳೆಯಾದ ಮೇಲೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಒಂದು ಬಟ್ಟಲು ಹಾಲು ಹಾಕಿ ಕುದಿಸಿ. ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ, ಕರಗಿಸಿ ಸೋಸಿದ ಬೆಲ್ಲ ಬೆರೆಸಿ. ಕುದಿಯುವಾಗ ಹಾಕಿದರೆ ಹಾಲು ಒಡೆದೀತು. ಒಣಕೊಬ್ಬರಿ ತುರಿ, ಏಲಕ್ಕಿ ಪುಡಿ ಉದುರಿಸಿ. ಅಳವಿ ಬಾಣಂತಿಗೆ ಮಾತ್ರ, ಬಸುರಿಗೆ ಬೇಡ. ಪಾಯಸ ಉಂಡರೆಂದು ಗುಳಿಗೆ ಬಿಡಬೇಡಿ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ಕೊಡಿ.

ಕತ್ತರಿಸಿ ಇಟ್ಟುಕೊಳ್ಳಿ

* ಮನೆಗೆ ಬಂದ ಮೇಲೆ ಒಂದು ತಾಸಿನಲ್ಲಿ ಒಂದು ಪ್ಯಾಡ್ ಪೂರಾ ನೆನೆದರೆ, ಅಥವಾ ದೊಡ್ಡ ಗಡ್ಡೆ ಹೋದರೆ, ತಡಮಾಡದೆ ಆಸ್ಪತ್ರೆಗೆ. ಆರು ವಾರದವರೆಗೂ ಈ ಎಚ್ಚರ ಬೇಕು.
* ತಲೆಸುತ್ತು, ತಣ್ಣನೆಯ ಬೆವರು, ಏದುಸಿರು, ಮಂಪರು ಕಂಡರೆ 108ಕ್ಕೆ ಫೋನು ಮಾಡಿ; ಅಂಬ್ಯುಲೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ.
* ತಾಯಿಯ ರಕ್ತದ ಗುಂಪು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ರಕ್ತ ಕೊಡುವವರನ್ನು ಮೊದಲೇ ಗೊತ್ತುಮಾಡಿ.
* ಹೆರಿಗೆಯ ದಿನ ಒಬ್ಬರು ಕೂಸನ್ನು ಎತ್ತಿಕೊಳ್ಳಲಿ. ಇನ್ನೊಬ್ಬರು ಎರಡು ತಾಸು ತಾಯಿಯ ಬಳಿಯಿಂದ ಏಳದಿರಲಿ.